ಮೊದಲು ಬರೆಯುವವಳು

"ಕಳಿಸಿದವರ ವಿಳಾಸ ಕೊಡೋ ಹಾಗಿಲ್ಲ," ಎಂದ ಪಾರ್ಸೆಲ್ ಕೌಂಟರಿನವನು, ತಲೆ ಎತ್ತದೆ.

"ವಿಳಾಸ ಯಾರು ಕೇಳಿದ್ರು? ಇದನ್ನ ವಾಪಸ್ ಕಳಿಸ್ಬೇಕು. ಎಲ್ಲಿಗೆ ಹೋಗುತ್ತೆ ಅಂತ ಕೇಳಿದೆ."

"ಎರಡೂ ಒಂದೇ ಅಲ್ವಾ ಮೇಡಂ?"

"ನಿಮಗೆ ಒಂದೇ. ನನಗೆ ಬೇರೆ."

ಈಗ ಅವನು ತಲೆ ಎತ್ತಿದ. ಕೂದಲನ್ನು ಬಿಗಿಯಾಗಿ ಹಿಂದಕ್ಕೆ ಕಟ್ಟಿದ, ಪಾರ್ಸೆಲನ್ನು ಮಗುವಿನಂತೆ ಎದೆಗವಚಿಕೊಂಡ ಹೆಂಗಸು. ಅತ್ತೆ ಎಂದೇ ಕಚೇರಿಯಲ್ಲಿ ಅವಳಿಗೆ ಹೆಸರು. ಅಂತರ್ಜಾಲದ ಹರಾಜು ತಾಣದಲ್ಲಿ ಮುಚ್ಚಳ ಮಾರುವ ಮುಚ್ಚಳದಮ್ಮ ಎಂಬಾಕೆಯ ಹೆಸರಿನಲ್ಲಿ ಒಂಬತ್ತು ವಾರಗಳಿಂದ ಬೇರೆ ಯಾರೋ ಬರೆಯುತ್ತಿದ್ದಾರೆ ಎಂಬ ಅವಳ ಮಾತಿಗೆ ಠಾಣೆಯವರು ನಕ್ಕಿದ್ದರು, ಕಚೇರಿಯವರು ಗದರಿಸಿದ್ದರು.

ಅವನು ಪಾರ್ಸೆಲನ್ನು ತಿರುಗಿಸಿ ನೋಡಿದ. ಮೈತುಂಬ ಕಂದು ಬಣ್ಣದ ಟೇಪು, ಗಾಯಕ್ಕೆ ಸುತ್ತಿದ ಹಾಗೆ.

"ದಾರ ಕಟ್ಟೋ ಅಮ್ಮನದಾ ಇದು?"

"ಅವರದೇ. ದಾರ ಎಲ್ಲಿ ಹೋಯ್ತು?"

"ದಾರ ಹೋಗಿ ಎರಡು ತಿಂಗಳ ಮೇಲಾಯ್ತು. ಅಮ್ಮ ಬರೋದು ಬಿಟ್ರು. ಈಗ ಒಬ್ಬ ಗಂಡಸು ತರ್ತಾರೆ. ತಮ್ಮನಂತೆ."

"ಏನಾಯ್ತು ಅಂತ ಕೇಳಲಿಲ್ವಾ?"

"ಕ್ಯೂನಲ್ಲಿ ಇಪ್ಪತ್ತು ಜನ ನಿಂತಿರ್ತಾರೆ. ಯಾರ ಮನೇಲಿ ಏನಾಯ್ತು ಅಂತ ಕೇಳ್ತಾ ಕೂತ್ರೆ ನನ್ನ ಮನೇಲಿ ಏನಾಗುತ್ತೆ?" ಎಂದ. ಸೀಲನ್ನು ಎತ್ತಿದ, ಒತ್ತದೆ ಕೆಳಗಿಟ್ಟ. "ರಸೀದಿ ಕೊಟ್ಟಾಗೆಲ್ಲ ಒಂದು ಮಾತು ಹೇಳೋರು. ‘ನಿಮ್ಮ ಕೈಯಲ್ಲಿ ನಂದು ಯಾವುದೂ ಒಡೆದಿಲ್ಲ’ ಅಂತ. ಇಷ್ಟು ವರ್ಷದಲ್ಲಿ ಈ ಕಿಟಕಿಯಿಂದ ಒಳಗೆ ಬಂದ ಒಳ್ಳೆ ಮಾತು ಅದೊಂದೇ."

ಅವನು ಹಿಂದೆ ಮುಂದೆ ನೋಡಿ ಕಂಪ್ಯೂಟರಿನ ಪರದೆಯನ್ನು ಅವಳ ಕಡೆಗೆ ಒಂದು ಗೇಣು ತಿರುಗಿಸಿದ.

"ಅಂಟು ಮುಗಿದಿದೆ. ಒಳಗಿಂದ ತರ್ತೀನಿ. ನಾನು ಬರೋದ್ರಲ್ಲಿ ನೀವು ಇಲ್ಲಿರಬಾರದು," ಎಂದು ಎದ್ದುಹೋದ.

ಅಂಟಿನ ಬಾಟಲಿ ಅವನ ಮೇಜಿನ ಮೇಲೇ ಇತ್ತು, ಮುಕ್ಕಾಲು ತುಂಬಿ.

*

ಎರಡು ಬಸ್ಸು ಬದಲಿಸಬೇಕಾದ ದಾರಿ. ಅತ್ತೆ ಕಿಟಕಿಯ ಪಕ್ಕ ಕೂತು ಪಾರ್ಸೆಲನ್ನು ತೊಡೆಯ ಮೇಲಿಟ್ಟುಕೊಂಡಳು. ಪಕ್ಕದ ಸೀಟು ಕೊನೆಯವರೆಗೂ ಖಾಲಿಯೇ ಉಳಿಯಿತು. ಅದು ಅವಳಿಗೆ ಹೊಸದಲ್ಲ.

ಅವಳು ಹರಾಜು ತಾಣದ ಕಚೇರಿಯ ಅಭಿಪ್ರಾಯ ವಿಭಾಗದಲ್ಲಿ ಎಲ್ಲರಿಗಿಂತ ಹಳಬಳು. ವಯಸ್ಸು ನಲವತ್ತೆರಡು. ಉಳಿದವರೆಲ್ಲ ನಿನ್ನೆ ಮೊನ್ನೆ ಕಾಲೇಜು ಬಿಟ್ಟವರು. ಕಾಫಿ ಕಪ್ಪು ತೊಳೆಯದೆ ಇಟ್ಟವರನ್ನು, ಸಹಾಯ ಪಡೆದು ಒಂದು ಮಾತೂ ಆಡದೆ ಎದ್ದುಹೋದವರನ್ನು ಗದರಿಸುತ್ತಿದ್ದಳು; ಹಾಗೆ ಅತ್ತೆಯಾದಳು. ಅವಳಿಗೆ ಅಣ್ಣತಮ್ಮಂದಿರಿಲ್ಲ, ಮದುವೆಯೂ ಆಗಿಲ್ಲ. ಲೋಕದಲ್ಲಿ ಯಾರಿಗೂ ನಿಜವಾಗಿ ಅತ್ತೆಯಾಗುವ ದಾರಿ ಅವಳಿಗಿರಲಿಲ್ಲ.

ದಿನವಿಡೀ ಅವಳು ಓದುತ್ತಿದ್ದುದು ಜಗಳ. ಹರಾಜು ಮುಗಿದ ಮೇಲೆ ಕೊಂಡವರು ಮಾರಿದವರ ಬಗ್ಗೆ, ಮಾರಿದವರು ಕೊಂಡವರ ಬಗ್ಗೆ ಒಂದೊಂದು ಸಾಲು ಬರೆದು ಹಸಿರು ಗುರುತನ್ನೋ ಕೆಂಪು ಗುರುತನ್ನೋ ಹಾಕಬೇಕು. ಎಂಬತ್ತು ಅಕ್ಷರ ಮೀರುವಂತಿಲ್ಲ. ಒಮ್ಮೆ ಬಿದ್ದ ಸಾಲು ಊರಿಗೆಲ್ಲ ಕಾಣುತ್ತದೆ, ಬರೆದವರಿಂದಲೂ ಅಳಿಸಲು ಬರುವುದಿಲ್ಲ. ‘ಕುರ್ಚಿ ಅಲ್ಲಾಡುತ್ತದೆ, ಮಾರಿದವನೂ ಹಾಗೇ’ ಎಂದು ಒಬ್ಬರು ಬರೆದರೆ, ‘ಈಕೆಯ ಗಂಡನಿಗೆ ನನ್ನ ಸಂತಾಪ’ ಎಂದು ಇನ್ನೊಬ್ಬರು ತಿರುಗಿಸಿ ಕೊಡುತ್ತಿದ್ದರು. ಯಾವುದನ್ನು ಉಳಿಸಬೇಕು, ಯಾವುದನ್ನು ತೆಗೆಯಬೇಕು ಎಂದು ಹೇಳುವುದು ಅತ್ತೆಯ ಕೆಲಸ.

ಯಾರು ಮೊದಲು ಬರೆಯಬೇಕು ಎಂಬುದಕ್ಕೆ ಮಾತ್ರ ನಿಯಮವಿರಲಿಲ್ಲ. ಮರ್ಯಾದೆ ಇದ್ದದ್ದು ಅಲ್ಲಿ, ಭಯ ಇದ್ದದ್ದೂ ಅಲ್ಲೇ.

ಮಾರುವವರಲ್ಲಿ ನೂರಕ್ಕೆ ತೊಂಬತ್ತು ಮಂದಿ ಕಾಯುತ್ತಾರೆ. ಮೊದಲು ನೀನು ಹೊಗಳು, ಆಮೇಲೆ ನಾನು ಹೊಗಳುತ್ತೇನೆ. ನೀನು ಕೆಂಪು ಹಾಕಿದರೆ ನನ್ನ ಬತ್ತಳಿಕೆಯಲ್ಲೂ ಕೆಂಪು ಇದೆ. ಹಾಗೆ ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ, ವಾರಗಟ್ಟಲೆ ಉಸಿರು ಬಿಗಿಹಿಡಿದು ಕೂರುತ್ತಾರೆ.

ಮುಚ್ಚಳದಮ್ಮ ಕಾಯುತ್ತಿರಲಿಲ್ಲ. ಅವಳು ಮಾರುತ್ತಿದ್ದುದು ಬರೀ ಮುಚ್ಚಳ: ಟೀಪಾಟಿನದು, ಸಕ್ಕರೆ ಡಬ್ಬಿಯದು, ಪಿಂಗಾಣಿ ಭರಣಿಯದು. ಮುಚ್ಚಳ ಒಡೆದು ಪಾತ್ರೆಯೊಂದೇ ಉಳಿದವರು ಅವಳನ್ನು ಹುಡುಕಿಕೊಂಡು ಬರುತ್ತಿದ್ದರು. ಹಣ ಬಂದ ಮರುಗಳಿಗೆಯೇ, ಮುಚ್ಚಳ ಇನ್ನೂ ಕಪಾಟಿನಲ್ಲಿರುವಾಗಲೇ, ಅವಳ ಸಾಲು ಬೀಳುತ್ತಿತ್ತು. ‘ಹಣ ಕೊಟ್ಟಲ್ಲಿಗೆ ನಿಮ್ಮ ಕೆಲಸ ಮುಗಿಯಿತು. ಉಳಿದದ್ದು ನನ್ನ ಕೆಲಸ. ನನ್ನ ಕೆಲಸಕ್ಕೆ ನಿಮ್ಮನ್ನೇಕೆ ಕಾಯಿಸಲಿ’ ಎಂದು ಒಮ್ಮೆ ಪಾರ್ಸೆಲಿನೊಳಗಿನ ಚೀಟಿಯಲ್ಲಿ ಬರೆದಿದ್ದಳು. ಹನ್ನೊಂದು ವರ್ಷ, ನಾಲ್ಕು ಸಾವಿರ ಸಾಲು. ಒಂದು ಇನ್ನೊಂದರಂತೆ ಇರಲಿಲ್ಲ.

ಒಂಬತ್ತು ವಾರದ ಹಿಂದೆ ಮುಚ್ಚಳದಮ್ಮ ಕಾಯತೊಡಗಿದಳು.

ಕೊಂಡವರು ಹಸಿರು ಹಾಕಿದ ಮೇಲಷ್ಟೇ ಅವಳ ಹಸಿರು ಬೀಳುತ್ತಿತ್ತು. ಸಾಲುಗಳೇನೋ ಅವಳವೇ. ಅದೇ ಮಾತು, ಅದೇ ನಗು. ಆದರೆ ‘ನಿಮ್ಮ ಸಕ್ಕರೆಗೆ ಇನ್ನು ಇರುವೆಯ ಭಯವಿಲ್ಲ’ ಎಂಬ ಹಳೆಯ ಸಾಲು ಮೊನ್ನೆ ಟೀಪಾಟಿನ ಮುಚ್ಚಳ ಕೊಂಡವರಿಗೆ ಹೋಗಿತ್ತು. ಇರುವೆಗೂ ಟೀಪಾಟಿಗೂ ಏನು ಸಂಬಂಧ? ಯಾರೋ ಆಕೆಯ ಹಳೆಯ ಸಾಲುಗಳ ರಾಶಿಯಿಂದ ಕೈಗೆ ಸಿಕ್ಕಿದ್ದನ್ನು ಎತ್ತಿ ಅಂಟಿಸುತ್ತಿದ್ದರು.

"ಸಾಮಾನು ತಲುಪ್ತಾ ಇದೆ, ಎಲ್ಲರೂ ಖುಷಿಯಾಗಿದಾರೆ. ಇದರಲ್ಲಿ ದೂರು ಏನಮ್ಮಾ?" ಎಂದಿದ್ದರು ಠಾಣೆಯಲ್ಲಿ.

"ಅತ್ತೇ, ದೂರು ಇಲ್ಲದ ಕಡೆ ಮೂಗು ತೂರಿಸ್ಬೇಡಿ," ಎಂದಿದ್ದ ಕಚೇರಿಯ ಮ್ಯಾನೇಜರ್, ಅವಳಿಗಿಂತ ಹದಿನೈದು ವರ್ಷ ಚಿಕ್ಕವನು. "ಬಳಕೆದಾರರ ಮನೆ ಬಾಗಿಲಿಗೆ ಹೋದ್ರೆ ಕೆಲಸ ಹೋಗುತ್ತೆ. ನನ್ನ ಕೈಲೂ ಉಳಿಸೋಕಾಗಲ್ಲ."

ನಾಲ್ಕು ಸಾವಿರ ಹಸಿರು ಇರುವ ಖಾತೆ ಎಂದರೆ ಆಸ್ತಿ. ಅಂಥ ಹೆಸರಿನಲ್ಲಿ ನಾಳೆ ಇಲ್ಲದ ಕಾರನ್ನೂ ಮಾರಬಹುದು, ಕಣ್ಣು ಮುಚ್ಚಿ ಕೊಳ್ಳುವವರಿರುತ್ತಾರೆ. ಆ ಹೆಸರಿಗಾಗಿ ಯಾರಾದರೂ ಆ ಹೆಂಗಸನ್ನು ಏನಾದರೂ ಮಾಡಿದ್ದರೆ? ಅತ್ತೆಗೆ ಇದ್ದದ್ದು ಅದೊಂದೇ ಪ್ರಶ್ನೆ. ಆಕೆ ಇದ್ದಾಳೋ, ಇಲ್ಲವೋ.

ಇಲ್ಲವೆಂದಾದರೆ ಅದನ್ನು ಗಮನಿಸಿದವಳು ಲೋಕದಲ್ಲಿ ತಾನೊಬ್ಬಳೇ ಎಂಬುದು ಅವಳನ್ನು ಇರಿಯುತ್ತಿತ್ತು. ತನಗೇ ಹಾಗಾದರೆ? ಅವಳು ಲೆಕ್ಕ ಹಾಕಿ ನೋಡಿದ್ದಳು. ಕಚೇರಿಯವರು ಮೂರನೇ ದಿನ ಫೋನ್ ಮಾಡಿಯಾರು, ಅದೂ ಅಲಮಾರಿನ ಕೀಲಿಗಾಗಿ.

*

ಬಾಗಿಲು ಒಂದು ಗೇಣಷ್ಟೇ ತೆರೆಯಿತು. ಐವತ್ತು ದಾಟಿದ ಗಂಡಸು, ತೋಳಿಲ್ಲದ ಉಣ್ಣೆಯ ಅಂಗಿ, ಬೆರಳಿಗೆ ಅಂಟಿದ ಟೇಪಿನ ಚೂರು.

"ಮುಚ್ಚಳ ಸರಿಹೋಗಲಿಲ್ಲ," ಎಂದಳು ಅತ್ತೆ ಪಾರ್ಸೆಲ್ ತೋರಿಸಿ. "ಈ ಕಡೆ ಬಂದಿದ್ದೆ, ಕೊಟ್ಟು ಹೋಗೋಣ ಅಂತ."

ವಿಳಾಸ ಹೇಗೆ ಸಿಕ್ಕಿತು ಎಂದು ಅವನು ಕೇಳಬಹುದಿತ್ತು. ಯಾರು ನೀವು ಎಂದು ಕೇಳಬಹುದಿತ್ತು. ಅವನು ಕೇಳಿದ್ದು ಬೇರೆ.

"ಕೆಂಪು ಹಾಕ್ತೀರಾ?"

"ಇನ್ನೂ ಯೋಚನೆ ಮಾಡಿಲ್ಲ."

ಬಾಗಿಲು ಪೂರ್ತಿ ತೆರೆಯಿತು.

ಒಂದೇ ಕೋಣೆ, ಪಕ್ಕದಲ್ಲಿ ಅಡುಗೆಮನೆ. ನಾಲ್ಕು ಗೋಡೆಗೂ ನೆಲದಿಂದ ಸೂರಿನವರೆಗೆ ಕಪಾಟು; ಕಪಾಟಿನ ತುಂಬ ಮುಚ್ಚಳ. ಒಂದೊಂದರ ಕೆಳಗೂ ಅಂಗೈಯಗಲದ ಬಟ್ಟೆ, ಪಕ್ಕದಲ್ಲಿ ಸುತ್ತಳತೆ ಬರೆದ ಚೀಟಿ. ಬಾಲದಂತೆ ಬಲಕ್ಕೆ ಬಾಗುವ ಆ ಕೈಬರಹ ಅತ್ತೆಗೆ ಗೊತ್ತಿತ್ತು. ಇಡೀ ಕೋಣೆಯಲ್ಲಿ ಒಂದು ಪಾತ್ರೆಯೂ ಇರಲಿಲ್ಲ. ಸಾವಿರ ಜನ ಟೋಪಿ ಬಿಚ್ಚಿಟ್ಟು ಎದ್ದುಹೋದ ಮನೆಯ ಹಾಗಿತ್ತು.

ಕಿಟಕಿಯ ಪಕ್ಕ ಒಂದು ಕುರ್ಚಿ. ಅದರ ದಿಂಬು ಒಬ್ಬರೇ ಒಬ್ಬರು ಬಹಳ ವರ್ಷ ಕೂತು ತಗ್ಗಾಗಿತ್ತು. ಅವನು ಅದನ್ನು ಅವಳ ಕಡೆ ಎಳೆದ. ಅವಳು ಬೇಡವೆಂದು ಸ್ಟೂಲಿನ ಮೇಲೆ ಕೂತಳು. ಅವನು ಒಳಗೆ ಹೋಗಿ ನೀರಿನ ಲೋಟಕ್ಕಾಗಿ ಎರಡು ಕಪಾಟು ತೆರೆದು ಮುಚ್ಚಿದ, ಮೂರನೆಯದರಲ್ಲಿ ಸಿಕ್ಕಿತು. ಅಕ್ಕನ ಮನೆಯ ಅಡುಗೆಮನೆ ತಮ್ಮಂದಿರಿಗೆ ಯಾವಾಗ ತಾನೇ ಗೊತ್ತಿರುತ್ತದೆ, ಎಂದುಕೊಂಡಳು ಅತ್ತೆ.

"ಅಮ್ಮ ಇಲ್ವಾ?"

"ಅಕ್ಕ ಊರಲ್ಲಿಲ್ಲ. ಮಂಡಿನೋವು. ಬಿಸಿನೀರಿನ ಚಿಕಿತ್ಸೆ ಅಂತ ಹೋಗಿದಾಳೆ. ಬರ್ತಾಳೆ ಇಷ್ಟರಲ್ಲೇ."

"ಅಲ್ಲಿಂದಲೇ ಎಲ್ಲರಿಗೂ ಫೀಡ್‌ಬ್ಯಾಕ್ ಬರೀತಾರಾ?"

"ಹೌದು ಮತ್ತೆ. ಅವಳ ಅಭ್ಯಾಸ ಅದು."

"ಅವರ ಅಭ್ಯಾಸ ನನಗೂ ಗೊತ್ತು." ಅತ್ತೆ ಲೋಟವನ್ನು ಮುಟ್ಟಲಿಲ್ಲ. "ಹನ್ನೊಂದು ವರ್ಷ ಅವರು ಯಾರಿಗೂ ಕಾದಿಲ್ಲ. ಈಗ ಎಲ್ಲರಿಗೂ ಕಾಯ್ತಿದಾರೆ. ಮಂಡಿನೋವು ಬಂದ್ರೆ ಕೈಗೂ ಏನಾದ್ರೂ ಆಗುತ್ತಾ?"

ಅವನು ನಕ್ಕ, ನಗು ಅರ್ಧಕ್ಕೆ ನಿಂತಿತು.

"ಟೀಪಾಟಿನ ಮುಚ್ಚಳಕ್ಕೆ ಇರುವೆಯ ಮಾತು ಬರೆದ್ರಿ," ಎಂದಳು ಅವಳು ಮೆತ್ತಗೆ. "ಅವರು ಬರೀತಿರಲಿಲ್ಲ. ಅವರಿಗೆ ಯಾವ ಮುಚ್ಚಳ ಯಾವುದರ ಮೇಲೆ ಕೂರುತ್ತೆ ಅಂತ ಗೊತ್ತು."

ಅವನ ಕೈ ತಾನಾಗಿ ಬೆರಳಿನ ಟೇಪನ್ನು ಕೀಳತೊಡಗಿತು. ಕಿತ್ತದ್ದು ಇನ್ನೊಂದು ಬೆರಳಿಗೆ ಅಂಟಿತು. ಅದನ್ನು ಕಿತ್ತ, ಮೊದಲಿನದಕ್ಕೇ ಅಂಟಿತು.

"ನೀವು ಪೋಲೀಸಾ?"

"ಅಲ್ಲ. ನಾನು ಓದುವವಳು, ಅಷ್ಟೇ."

ಅವನು ಬಾಗಿಲಿನ ಪಕ್ಕದ ಪೆಟ್ಟಿಗೆಯ ಮೇಲೆ ಕುಸಿದ ಹಾಗೆ ಕೂತ.

"ಅಕ್ಕ ಹೋಗಿಬಿಟ್ಟಳು," ಎಂದ. "ಹೇಳ್ದೆ ಕೇಳ್ದೆ. ಒಂದಿನ ನಾನು ಬಂದು ನೋಡ್ತೀನಿ, ಬಾಗಿಲು ತೆರೆದೇ ಇದೆ, ಫೋನು ಮೇಜಿನ ಮೇಲೆ, ಪಾಸ್‌ವರ್ಡು ಫೋನಿನ ಬೆನ್ನಿಗೆ ಅಂಟಿಸಿದೆ. ಮೂವತ್ತು ಜನ ಹಣ ಕಟ್ಟಿ ಕಾಯ್ತಿದಾರೆ. ಏನು ಮಾಡ್ಲಿ ಹೇಳಿ. ಅಕ್ಕ ನಾಳೆ ವಾಪಸ್ ಬಂದು, ತನ್ನ ಹೆಸರಿನ ಮುಂದೆ ಮೂವತ್ತು ಕೆಂಪು ನೋಡಿದ್ರೆ ಬದುಕ್ತಾಳಾ?"

"ಠಾಣೆಗೆ ಹೇಳಲಿಲ್ಲ."

"ತಾನಾಗಿ ಹೋದವಳನ್ನ ಠಾಣೆಯವರು ಏನಂತ ಹುಡುಕ್ತಾರೆ?"

"ಮೊದಲು ಬರೀಬೇಕು ಅಂತ ಗೊತ್ತಿರಲಿಲ್ವಾ ನಿಮಗೆ?"

"ಗೊತ್ತಿತ್ತು." ಅವನು ಮೊದಲ ಸಲ ಅವಳ ಕಣ್ಣನ್ನು ನೇರವಾಗಿ ನೋಡಿದ. "ಕೈ ಬರಲಿಲ್ಲ ಮೇಡಂ. ನಾನೂ ಒಂದು ಕಾಲಕ್ಕೆ ಮಾರ್ತಿದ್ದೆ. ಹಳೇ ಕ್ಯಾಮೆರಾ. ಮೊಟ್ಟಮೊದಲ ಗ್ರಾಹಕನಿಗೆ ಮೊದಲು ನಾನೇ ಬರೆದೆ. ‘ಚಿನ್ನದಂಥ ಮನುಷ್ಯ’ ಅಂತ. ಆ ಚಿನ್ನ ಮಾರನೇ ದಿನ ಕೆಂಪು ಹಾಕ್ತು. ‘ಕ್ಯಾಮೆರಾಕ್ಕೆ ಬೆವರಿನ ವಾಸನೆ’ ಅಂತ. ಬೆವರು ನನ್ನದೇ, ಸುಳ್ಳಲ್ಲ. ಆದರೆ ನನ್ನ ಕೈಲಿ ತಿರುಗಿಸಿ ಕೊಡೋಕೆ ಏನೂ ಉಳಿದಿರಲಿಲ್ಲ. ಇವತ್ತಿಗೂ ಆ ಸಾಲು ಅಲ್ಲೇ ಇದೆ. ಅವತ್ತಿಂದ ಮೊದಲು ಹೋಗೋಕೆ ಬೆರಳು ಏಳಲ್ಲ."

ಅತ್ತೆಗೆ ನಗು ಬಂತು, ನಗಲಿಲ್ಲ. ನಂಬಿದಳು. ಅಂಥ ಸುಟ್ಟ ಕೈಗಳನ್ನು ಅವಳು ದಿನಕ್ಕೆ ಹತ್ತು ನೋಡುತ್ತಿದ್ದಳು. ಹೀಗೆ ಕಾದು ಕೂರುವವನು ಕಳ್ಳನಲ್ಲ, ಅಂಜುಬುರುಕ.

"ಯಾಕೆ ಹೋದರು? ಏನಾದರೂ ಗೊತ್ತಾ?"

ಅವನು ಕಪಾಟಿನ ಕಡೆ ನೋಡಿದ.

"ಹೆದರಿಕೆ," ಎಂದ. "ಒಬ್ಬರಿದ್ದಾರೆ. ‘ಏಳನೇ ಮಹಡಿ’ ಅಂತ ಹೆಸರು ಇಟ್ಕೊಂಡಿದಾರೆ. ವಿಳಾಸದಲ್ಲೂ ಬರೀ ಇನಿಶಿಯಲ್ಲು, ಗಂಡೋ ಹೆಣ್ಣೋ ಗೊತ್ತಿಲ್ಲ. ಎಂಟು ವರ್ಷದಿಂದ ಮುಚ್ಚಳ ಕೊಳ್ತಿದಾರೆ. ನಲವತ್ತಮೂರು. ಒಂದರ ಅಳತೆ ಇನ್ನೊಂದಕ್ಕಿಲ್ಲ, ಬಣ್ಣಕ್ಕೆ ಬಣ್ಣ ಹೊಂದಲ್ಲ. ಯಾರ ಮನೇಲಿ ನಲವತ್ತಮೂರು ಬೋಳು ಪಾತ್ರೆ ಇರುತ್ತೆ, ನೀವೇ ಹೇಳಿ. ಮೊದಮೊದಲು ಅಕ್ಕ ನಗ್ತಿದ್ದಳು. ಆಮೇಲೆ ಯೋಚನೆ ಮಾಡೋಕೆ ಶುರು ಮಾಡಿದಳು. ಈ ಮನುಷ್ಯನಿಗೆ ಬೇಕಾಗಿರೋದು ಮುಚ್ಚಳ ಅಲ್ಲ, ನಾನು, ಅಂತ. ಇವತ್ತಲ್ಲ ನಾಳೆ ಬಾಗಿಲು ತಟ್ತಾರೆ ಅಂತ. ರಾತ್ರಿ ನಿದ್ದೆ ಬಿಟ್ಟಳು. ಕೊನೆಗೆ ಮನೇನೇ ಬಿಟ್ಟಳು."

ಕೆಳಗೆ ಬೀದಿಯಲ್ಲಿ ಯಾರೋ ಶಟರ್ ಎಳೆದರು.

ಅತ್ತೆಯ ಮನೆ ಏಳನೇ ಮಹಡಿಯಲ್ಲಿತ್ತು.

ಮೊದಲನೆಯದೊಂದು ನಿಜವಾಗಿ ಬೇಕಾಗಿತ್ತು, ತಾಯಿ ಬಿಟ್ಟುಹೋದ ಟೀಪಾಟಿಗೆ. ಹಣ ಕಟ್ಟಿ ಫೋನನ್ನು ಕೆಳಗಿಡುವ ಮೊದಲೇ ಒಂದು ಸಾಲು ಬಂದಿತ್ತು: ‘ಅವಸರ ಮಾಡದೆ ಹುಡುಕಿದವರು. ಇಂಥವರ ಟೀ ತಣ್ಣಗಾಗಬಾರದು.’ ಅವಳು ಅದನ್ನು ನಾಲ್ಕು ಸಲ ಓದಿದ್ದಳು. ತನ್ನ ಬಗ್ಗೆ ಯಾರಾದರೂ ಬರೆದ ಒಳ್ಳೆಯ ಮಾತು ಅದಕ್ಕೂ ಮೊದಲು ಯಾವಾಗ ಓದಿದ್ದು ಎಂದು ನೆನಪಾಗಲಿಲ್ಲ. ಎರಡು ತಿಂಗಳು ಬಿಟ್ಟು ಇನ್ನೊಂದು ಮುಚ್ಚಳ ಕೊಂಡಳು. ಆಮೇಲೆ ಇನ್ನೊಂದು. ಕೆಲಸದಲ್ಲಿ ಕೆಟ್ಟ ದಿನವಿದ್ದರೆ ಒಂದು, ಹುಟ್ಟಿದ ದಿನಕ್ಕೆ ಒಂದು. ಮುಚ್ಚಳಗಳು ಮಂಚದ ಕೆಳಗಿನ ಪೆಟ್ಟಿಗೆ ಸೇರುತ್ತಿದ್ದವು. ಅವಳು ಕೊಳ್ಳುತ್ತಿದ್ದುದು ಸಾಲುಗಳನ್ನು.

ಅದು ಅತ್ತ ಕಡೆಯಿಂದ ನೋಡಿದರೆ ಹೇಗೆ ಕಾಣಬಹುದು ಎಂದು ಅವಳು ಒಮ್ಮೆಯೂ ಯೋಚಿಸಿರಲಿಲ್ಲ. ದಿನವಿಡೀ ಎರಡೂ ಕಡೆಯವರ ಮಾತು ಓದಿ ನ್ಯಾಯ ಹೇಳುವವಳು.

"ಯಾಕೆ ಮೇಡಂ, ಮುಖ ಬಾಡಿಹೋಯ್ತು. ನೀರು ಕುಡೀರಿ."

"ಅದು ನಾನೇ," ಎಂದಳು ಅತ್ತೆ.

"ಯಾವುದು?"

"ಏಳನೇ ಮಹಡಿ."

ಅವನು ಬೆಚ್ಚುತ್ತಾನೆ, ಎದ್ದು ಬಾಗಿಲು ತೋರಿಸುತ್ತಾನೆ ಎಂದುಕೊಂಡಿದ್ದಳು. ಅವನು ಎರಡನ್ನೂ ಮಾಡಲಿಲ್ಲ. ಬೆರಳಿನ ಟೇಪನ್ನು ಕೀಳುವುದನ್ನು ನಿಲ್ಲಿಸಿ, ಮೊಣಕಾಲ ಮೇಲೆ ಕೈಯೂರಿ ಮುಂದಕ್ಕೆ ಬಾಗಿದ.

"ನಿಜವಾಗ್ಲೂ?"

"ಹೆದರಿಸ್ಬೇಕು ಅಂತ ಅಲ್ಲ. ಅವರ ಮಾತು ಓದೋಕೆ. ಅಷ್ಟಕ್ಕೇ." ಅವಳ ದನಿ ಅವಳಿಗೇ ಯಾರದೋ ಅನ್ನಿಸಿತು. "ಅವರಿಗೆ ಹೇಳ್ಬೇಕಲ್ಲ ಇದನ್ನ. ಹೇಗೆ ಹೇಳೋದು ಈಗ?"

"ಹೇಳಿ," ಎಂದ ಅವನು ತಕ್ಷಣ. "ಈಗಲೇ ಹೇಳಿ. ಇನ್ನೊಂದು ಮುಚ್ಚಳ ಕೊಳ್ಳಿ, ಹಣದ ಜೊತೆ ಒಂದು ಸಾಲು ಬರೆಯೋಕೆ ಜಾಗ ಇರುತ್ತಲ್ಲ. ಅದರಲ್ಲಿ ಬರೀರಿ. ಅವಳು ಬೇರೆಲ್ಲೋ ಕೂತು ತನ್ನ ಖಾತೆ ತೆರೆದು ನೋಡ್ತಿರಬಹುದು. ಪಾಸ್‌ವರ್ಡು ನನ್ನೊಬ್ಬನದೇ ಅಲ್ವಲ್ಲ, ಅವಳಿಗೂ ಗೊತ್ತು. ನನಗಂತೂ ಉತ್ತರ ಕೊಡಲಿಲ್ಲ. ನಿಮಗೆ ಕೊಡಬಹುದು."

ಹೆದರಿ ಮನೆ ಬಿಟ್ಟವಳು ಹೆದರಿಸಿದವರಿಗೇ ಏಕೆ ಉತ್ತರ ಕೊಡುತ್ತಾಳೆ? ಬೇರೆ ದಿನವಾಗಿದ್ದರೆ ಅತ್ತೆ ಈ ಪ್ರಶ್ನೆಯನ್ನು ಚಿಮಟದಲ್ಲಿ ಹಿಡಿದ ಹಾಗೆ ಎತ್ತಿ ಅವನ ಮುಂದಿಡುತ್ತಿದ್ದಳು. ಇಂದು ಅವಳ ತಲೆಯೊಳಗೆ ಜಾಗವಿದ್ದದ್ದು ಒಂದೇ ಮಾತಿಗೆ. ನನ್ನಿಂದ. ನನ್ನಿಂದಲೇ.

ಅವಳು ಫೋನ್ ತೆಗೆದಳು. ಮುಚ್ಚಳದಮ್ಮನ ಪುಟದಲ್ಲಿ ಹರಾಜಿಗೆ ಕಾಯದೆ ನೇರವಾಗಿ ಕೊಳ್ಳಬಹುದಾದ ಒಂದೇ ಒಂದು ಮುಚ್ಚಳವಿತ್ತು. ನೀಲಿ ಅಂಚಿನದು, ಒಂದು ಕಡೆ ಸಣ್ಣ ಬಿರುಕು. ‘ಬಿರುಕು ಇದೆ, ಮುಚ್ಚಿಟ್ಟಿಲ್ಲ’ ಎಂದು ಕೆಳಗೆ ಬರೆದಿತ್ತು. ಅದು ಆಕೆಯದೇ ಮಾತು, ಹಳೆಯದು.

"ಏನಂತ ಬರೀಲಿ?"

"ಮನಸ್ಸಲ್ಲಿರೋದು ಬರೀರಿ. ನಾನಿದ್ದೀನಿ ಅಂತಲೂ ಬರೀರಿ. ನನ್ನ ಜೊತೆ ಕೂತಿದೀರಿ ಅಂದ್ರೆ ಧೈರ್ಯ ಬರುತ್ತೆ ಅವಳಿಗೆ."

ಅವಳು ಬರೆದಳು, ಬರೆದದ್ದನ್ನು ಓದಿ ಹೇಳಿದಳು: "‘ಏಳನೇ ಮಹಡಿಯವಳು ನಾನು. ಒಂಟಿ ಹೆಂಗಸು. ನಿಮ್ಮ ಸಾಲುಗಳಿಗಾಗಿ ಕೊಳ್ಳುತ್ತಿದ್ದೆ, ಹೆದರಿಸಲು ಅಲ್ಲ. ಈಗ ನಿಮ್ಮ ಮನೆಯಲ್ಲಿ ನಿಮ್ಮ ತಮ್ಮನ ಎದುರು ಕೂತಿದ್ದೇನೆ. ಎಲ್ಲಿದ್ದೀರಿ, ಹೇಗಿದ್ದೀರಿ?’ ಸಾಕಾ?"

"ಸಾಕು. ಕಳಿಸಿ."

ಒತ್ತಿದಳು. ಅವನ ಪಕ್ಕದ ಪುಟ್ಟ ಮೇಜಿನ ಮೇಲಿದ್ದ ಮುಚ್ಚಳದಮ್ಮನ ಫೋನು ಟಿಣ್ ಎಂದಿತು.

"ಹಣ ಬಂತು," ಎಂದ ಅವನು. ಫೋನನ್ನು ಮುಟ್ಟಲಿಲ್ಲ. ಎರಡು ಕೈಗಳನ್ನೂ ಒಂದರೊಳಗೊಂದು ಹೆಣೆದು ಮಡಿಲಲ್ಲಿಟ್ಟುಕೊಂಡ, ಅವಳಿಗೆ ಕಾಣುವ ಹಾಗೆ. "ನಾನು ಬರೆಯಲ್ಲ. ನೋಡೋಣ."

ಇಬ್ಬರೂ ಕಾದರು. ಸಾವಿರ ಮುಚ್ಚಳಗಳೂ ಕಾದವು. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಇಳಿದು ಖಾಲಿ ಕುರ್ಚಿಯ ತಗ್ಗಿನಲ್ಲಿ ಕೂತಿತ್ತು. ಹೀಗೆ ಇನ್ನೊಬ್ಬರ ಜೊತೆ ಕೂತು ಕಾದದ್ದು ಅತ್ತೆಗೆ ನೆನಪಿರಲಿಲ್ಲ. ಒಂದು ಗಳಿಗೆ, ಆ ಅಪರಿಚಿತ ಗಂಡಸಿನ ಬಗ್ಗೆ ಅವಳಿಗೆ ಕೃತಜ್ಞತೆಯಂಥದ್ದೇನೋ ಹುಟ್ಟಿತು.

ಅವಳ ಅಂಗೈಯಲ್ಲಿ ಫೋನು ನಡುಗಿತು.

ಹಸಿರು ಗುರುತು. ಮುಚ್ಚಳದಮ್ಮನದು. ಕೊಂಡವರು ಬರೆಯುವ ಮೊದಲು, ಹಣ ಬಂದು ಎರಡು ನಿಮಿಷವೂ ಆಗುವ ಮೊದಲು.

ಇದ್ದಾಳೆ. ಅತ್ತೆಯ ಕಣ್ಣು ಮಂಜಾಯಿತು. ಒರೆಸಿಕೊಂಡು ಸಾಲನ್ನು ಓದಿದಳು.

‘ತಕ್ಷಣ ಹಣ ಕೊಟ್ಟವರು. ನಿಮಗೆ ನಾನು ಎಂದೂ ಹೆದರಿಲ್ಲ. ನನಗೆ ತಮ್ಮನಿಲ್ಲ.’

ಮತ್ತೊಮ್ಮೆ ಓದಿದಳು. ಮೂರು ವಾಕ್ಯ. ಮೂರನೆಯದು ಬದಲಾಗಲಿಲ್ಲ.

"ಏನಾದ್ರೂ ಬಂತಾ?" ಎಂದ ಅವನು. ಪೆಟ್ಟಿಗೆಯ ಅಂಚಿಗೆ ಸರಿದು ಕೂತಿದ್ದ. ಅವನ ಬೆನ್ನಿನ ಹಿಂದೆ ಬಾಗಿಲು.

"ಬ್ಯಾಂಕಿಂದು," ಎಂದಳು ಅತ್ತೆ. ಒಂಬತ್ತು ವರ್ಷ ಬೈಗುಳ ಓದಿದವಳ ಮುಖ ಅದು. ಸುಲಭಕ್ಕೆ ಏನನ್ನೂ ಬಿಟ್ಟುಕೊಡುತ್ತಿರಲಿಲ್ಲ. "ಹಣ ಹೋಯ್ತು ಅಂತ."

"ಓ."

ಅವನು ಮತ್ತೆ ಕೈ ಹೆಣೆದುಕೊಂಡ. ಅತ್ತೆ ಫೋನನ್ನು ತೊಡೆಯ ಮರೆಗೆ ಓರೆಯಾಗಿ ಹಿಡಿದಳು. ಆಕೆ ಇದೀಗ ಅಲ್ಲಿದ್ದಾಳೆ, ಪರದೆಯ ಆಚೆ ಕೂತಿದ್ದಾಳೆ, ಇನ್ನೊಂದು ನಿಮಿಷಕ್ಕೆ ಎದ್ದುಹೋದರೂ ಹೋದಳು. ಈ ಮನುಷ್ಯನ ನಿಜ ಆಕೆಯೊಬ್ಬಳಿಗೇ ಗೊತ್ತು. ಅಲ್ಲದೆ ಸಾಲು ಬಂದರೆ ತಿರುಗಿ ಸಾಲು ಬರೆಯದೆ ಫೋನ್ ಕೆಳಗಿಟ್ಟವಳಲ್ಲ ಅತ್ತೆ. ನಲವತ್ತಮೂರು ಸಲ ನಡೆದ ದಾರಿಯಲ್ಲಿ ಹೆಬ್ಬೆರಳು ತಾನಾಗಿ ನಡೆಯಿತು.

‘ಹಾಗಾದರೆ ನನ್ನ ಎದುರು ಕೂತಿರುವವನು ಯಾರು?’

ಹಸಿರು ಒತ್ತಿದಳು. ಕಳಿಸಿದಳು.

ಅದು ಮುಚ್ಚಳದಮ್ಮನಿಗೆ ಹೋಗುತ್ತದೆ ಎಂದಷ್ಟೇ ಅವಳು ಯೋಚಿಸಿದ್ದಳು. ಮುಚ್ಚಳದಮ್ಮನಿಗೆ ಹೋಗುವುದೆಲ್ಲ ಎಲ್ಲೆಲ್ಲಿಗೆ ಹೋಗುತ್ತದೆ ಎಂಬುದು ಮೇಜಿನ ಮೇಲಿನ ಫೋನು ಟಿಣ್ ಎಂದಾಗ ಹೊಳೆಯಿತು.

ಒಮ್ಮೆ ಬಿದ್ದ ಸಾಲನ್ನು ಬರೆದವರಿಂದಲೂ ಅಳಿಸಲು ಬರುವುದಿಲ್ಲ. ಅವಳಷ್ಟು ಚೆನ್ನಾಗಿ ಅದನ್ನು ಬಲ್ಲವರು ಆ ಊರಲ್ಲೇ ಇರಲಿಲ್ಲ.

"ಬರೆದುಬಿಟ್ರಾ?" ಎಂದು ಅವನು ಮುಗುಳ್ನಕ್ಕ. "ನೀವೂ ಅವಳ ಹಾಗೇನೇ. ಒಂದು ಗಳಿಗೆ ತಡ ಮಾಡಲ್ಲ."

ಫೋನನ್ನು ಎತ್ತಿಕೊಂಡ. ಕನ್ನಡಕ ಹುಡುಕಿದ, ಅಂಗಿಯ ಅಂಚಿನಿಂದ ಗಾಜು ಒರೆಸಿದ, ಬೆಳಕಿಗೆ ಹಿಡಿದು ನೋಡಿ ಮತ್ತೊಮ್ಮೆ ಒರೆಸಿದ, ಹಾಕಿಕೊಂಡ.

ಅಷ್ಟು ಚಿಕ್ಕ ಸಾಲನ್ನು ಓದಲು ಎಷ್ಟು ಹೊತ್ತು ಬೇಕು. ಅವನು ಓದಿ ಮುಗಿಸಿದ್ದ. ತಲೆ ಮಾತ್ರ ಎತ್ತಲಿಲ್ಲ.